ಸಲಮಾಂಕಾದಲ್ಲಿ ಸ್ಪ್ಯಾನಿಷ್ ಮನೆಯವರ ಜೊತೆ ಮೊದಲ ದಿನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪೇನಿನ ಸಲಮಾಂಕಾಕ್ಕೆ ಸ್ಪ್ಯಾನಿಷ್ ಕಲಿಯಲು ಹೊರಟ ನಮ್ಮ ಕಡೆಯ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೆಲವು ವಿದ್ಯಾರ್ಥಿಗಳದ್ದು, ಕೆಲವು ಅವರ ಅಮ್ಮಂದಿರದ್ದು. ಯಾವುದು ಯಾರದ್ದು ಅಂತ ಓದಿದರೇ ಗೊತ್ತಾಗುತ್ತದೆ. ಹಾಸ್ಟೆಲ್ಲಿನಲ್ಲೋ ಬಾಡಿಗೆ ರೂಮಿನಲ್ಲೋ ಇರುವವರಿಗಲ್ಲ, ಅಲ್ಲಿನ ಒಂದು ಮನೆಯಲ್ಲಿ ಮನೆಯವರ ಜೊತೆ ಇರುವವರಿಗೆ ಇದು. ಸ್ಪೇನಿನ ಬೇರೆ ಊರಿಗೆ ಹೋಗುವವರಿಗೂ ಬಹುಪಾಲು ಹೊಂದುತ್ತದೆ. ಚಳಿಯ ಮಾತನ್ನು ಮಾತ್ರ ಸೆವಿಲ್ಲಾ ಕಡೆ ಹೋಗುವವರು ಬಿಟ್ಟು ಓದಬಹುದು.

ಮ್ಯಾಡ್ರಿಡ್, ಬಾರ್ಸಿಲೋನಾ ಬಿಟ್ಟು ಸಲಮಾಂಕಾ ಯಾಕೆ?

ಇದು ಓದುವವರ ಊರು. ಇಲ್ಲಿನ ವಿಶ್ವವಿದ್ಯಾಲಯ ಶುರುವಾದದ್ದು 1218ರಲ್ಲಿ. ಈಗಲೂ ನಡೆಯುತ್ತಿರುವ ಸ್ಪೇನಿನ ವಿಶ್ವವಿದ್ಯಾಲಯಗಳಲ್ಲಿ ಇದೇ ಹಳೆಯದು. ಊರು ಚಿಕ್ಕದು, ಹಳೇ ಊರಿನಲ್ಲಿ ಎಲ್ಲಿಗೆ ಬೇಕಾದರೂ ನಡೆದೇ ಹೋಗಬಹುದು. ಬಾರ್ಸಿಲೋನಾದಲ್ಲಿ ಬೀದಿಯ ಬೋರ್ಡಿನಿಂದ ಹಿಡಿದು ಮನೆಮಾತಿನವರೆಗೆ ಕತಲಾನ್ ಅನ್ನುವ ಇನ್ನೊಂದು ಭಾಷೆಯೂ ಇರುತ್ತದೆ. ಇಲ್ಲಿ ಕಿವಿಗೆ ಬೀಳುವುದು ಸ್ಪ್ಯಾನಿಷ್ ಒಂದೇ. ಕಲಿಯಲು ಬಂದವರಿಗೆ ಅದು ದೊಡ್ಡ ಅನುಕೂಲ.

ಇನ್ನೊಂದು ವಿಷಯ ಅಷ್ಟಾಗಿ ಯಾರೂ ಹೇಳುವುದಿಲ್ಲ. ಈ ಊರಿನವರಿಗೆ ಹೊರಗಿನ ವಿದ್ಯಾರ್ಥಿಗಳು ಹೊಸಬರಲ್ಲ. ನಿಮ್ಮ ತಪ್ಪು ಸ್ಪ್ಯಾನಿಷ್ ಕೇಳಿ ಅಂಗಡಿಯವರು ತಕ್ಷಣ ಇಂಗ್ಲಿಷಿಗೆ ಹೋಗುವುದು ಕಡಿಮೆ.

ಮನೆಯವರು ಅಂದರೆ ಯಾರು? ಗಂಡ, ಹೆಂಡತಿ, ಇಬ್ಬರು ಮಕ್ಕಳು, ನಾಯಿ?

ಹಾಗೂ ಇರಬಹುದು. ಆದರೆ ಮಕ್ಕಳು ಕೆಲಸ ಹುಡುಕಿ ಮ್ಯಾಡ್ರಿಡ್ಡಿಗೆ ಹೋಗಿ, ರೂಮುಗಳು ಖಾಲಿ ಬಿದ್ದಿರುವ ಅರವತ್ತು ದಾಟಿದ ಹೆಂಗಸೊಬ್ಬರು ಇರುವ ಮನೆಯೂ ನಿಮಗೆ ಸಿಗಬಹುದು. ಪಕ್ಕದ ರೂಮಿನಲ್ಲಿ ಜಪಾನಿನ ಅಥವಾ ಬ್ರೆಜಿಲ್ಲಿನ ಇನ್ನೊಬ್ಬ ವಿದ್ಯಾರ್ಥಿಯೂ ಇದ್ದಾರು. ಒಂದೇ ಮನೆಯಲ್ಲಿ ಒಂದೇ ಭಾಷೆಯವರನ್ನು ಹಾಕಬೇಡಿ ಅಂತ, ನಿಮಗೆ ಮನೆ ಗೊತ್ತುಮಾಡುವ ಸ್ಪ್ಯಾನಿಷ್ ಶಾಲೆಯನ್ನು ಮೊದಲೇ ಕೇಳಿಕೊಳ್ಳಿ. ಇಬ್ಬರು ಕನ್ನಡದವರು ಒಂದೇ ಮನೆಯಲ್ಲಿದ್ದರೆ ಸ್ಪ್ಯಾನಿಷ್ ಕಲಿತ ಹಾಗೇ!

ಶಾಲೆ ಅವರಿಗೆ ದುಡ್ಡು ಕೊಡುತ್ತದೆ. ಇದರಲ್ಲಿ ಮುಜುಗರಪಡುವುದೇನೂ ಇಲ್ಲ, ಮರೆಯುವುದೂ ಬೇಡ. ಅವರು ನೆಂಟರಲ್ಲ, ಹೋಟೆಲಿನವರೂ ಅಲ್ಲ. ನೆಂಟರ ಮನೆ ಅಂತ ಸಂಕೋಚಪಟ್ಟರೆ ಹಸಿವಾದರೂ ಹೇಳುವುದಿಲ್ಲ. ಹೋಟೆಲು ಅಂದುಕೊಂಡರೆ ತಟ್ಟೆಯನ್ನು ಮೇಜಿನ ಮೇಲೇ ಬಿಟ್ಟು ಏಳುತ್ತೀರಿ. ಎರಡೂ ಬೇಡ. ಈ ಎರಡರಲ್ಲಿ ನಮ್ಮವರಿಗೆ ಕಾಡುವುದು ಮೊದಲನೆಯದೇ ಜಾಸ್ತಿ. ಕೆಳಗಿನ ಅರ್ಧ ಉತ್ತರಗಳು ಅದರ ಬಗ್ಗೆಯೇ ಇವೆ.

ವಿಮಾನ ಇಳಿದ ಮೇಲೆ ಮನೆ ತಲುಪುವುದು ಹೇಗೆ?

ಮ್ಯಾಡ್ರಿಡ್ಡಿನ ಬರಾಹಾಸ್ ವಿಮಾನ ನಿಲ್ದಾಣದಿಂದ ಸಲಮಾಂಕಾಕ್ಕೆ ನೇರ ಬಸ್ಸುಗಳಿವೆ. ಸುಮಾರು ಎರಡೂವರೆಯಿಂದ ಮೂರು ಗಂಟೆಯ ದಾರಿ. ರೈಲಿಗಾದರೆ ಮ್ಯಾಡ್ರಿಡ್ಡಿನ ಚಮಾರ್ತಿನ್ ಸ್ಟೇಷನ್ನಿಗೆ ಹೋಗಬೇಕು. ಅಲ್ಲಿಂದ ವೇಗದ ರೈಲು ಸುಮಾರು ಒಂದು ಗಂಟೆ ನಲವತ್ತು ನಿಮಿಷ. ಎರಡು ದೊಡ್ಡ ಸೂಟ್‌ಕೇಸ್ ಇದ್ದರೆ ಬಸ್ಸೇ ವಾಸಿ.

ವಿಳಾಸದಲ್ಲಿ ಬೀದಿಯ ಹೆಸರು, ಕಟ್ಟಡದ ನಂಬರು ಆದ ಮೇಲೆ "3.º ಇಝ್ದಾ." (izda.) ಅನ್ನುವ ಹಾಗೆ ಇರುತ್ತದೆ. ಮೂರನೇ ಮಹಡಿ, ಎಡಗಡೆಯ ಬಾಗಿಲು ಅಂತ. "ದ್ಚಾ." (dcha.) ಅಂದರೆ ಬಲಗಡೆ. ಬೀದಿಬಾಗಿಲು ಯಾವಾಗಲೂ ಮುಚ್ಚಿರುತ್ತದೆ. ಗೋಡೆಯ ಮೇಲಿನ ಗುಂಡಿಗಳಲ್ಲಿ ನಿಮ್ಮ ಮನೆಯದನ್ನು ಒತ್ತಿದರೆ ಮೇಲಿನಿಂದ ದನಿ ಕೇಳಿಸುತ್ತದೆ, ಆಮೇಲೆ ಬಾಗಿಲು ಝುಯ್ ಅನ್ನುತ್ತದೆ. ಆ ಸದ್ದು ನಿಲ್ಲುವ ಮೊದಲೇ ತಳ್ಳಬೇಕು. ಗುಂಡಿಗಳ ಪಕ್ಕ ಎಷ್ಟೋ ಕಡೆ ಹೆಸರು ಇರುವುದಿಲ್ಲ, ಮಹಡಿ ಮತ್ತು ಬಾಗಿಲು ಮಾತ್ರ. ಅದನ್ನು ಒಂದು ಚೀಟಿಯಲ್ಲೂ ಬರೆದಿಟ್ಟುಕೊಳ್ಳಿ, ಫೋನಿನ ಚಾರ್ಜ್ ಮುಗಿದಿರುವ ಸಾಧ್ಯತೆ ಇದೆ.

ಬಸ್ಸು ಹತ್ತಿದ ಕೂಡಲೇ ಮನೆಯವರಿಗೆ ವಾಟ್ಸ್ಯಾಪ್ ಮಾಡಿ. ಅಲ್ಲೂ ಎಲ್ಲರೂ ವಾಟ್ಸ್ಯಾಪಿನಲ್ಲೇ ಇರುತ್ತಾರೆ. ನೀವು ಬರುವ ಹೊತ್ತಿಗೆ ಅವರು ಊಟ ಎತ್ತಿಟ್ಟಿರುತ್ತಾರೆ.

ಬಾಗಿಲಲ್ಲಿ ಕೆನ್ನೆಗೆ ಮುತ್ತು ಕೊಡುತ್ತಾರಂತೆ. ನಾನೇನು ಮಾಡಬೇಕು?

ಮುತ್ತು ಅನ್ನುವುದಕ್ಕಿಂತ ಕೆನ್ನೆಗೆ ಕೆನ್ನೆ ತಾಗಿಸುವುದು. ಎರಡು ಕಡೆ, ಬೇಗ ಮುಗಿಯುತ್ತದೆ. ಗಂಡಸರು ಗಂಡಸರಿಗೆ ಕೈ ಕೊಡುತ್ತಾರೆ. ಇಷ್ಟವಿಲ್ಲದಿದ್ದರೆ ನೀವೇ ಮೊದಲು ಕೈ ಮುಂದೆ ಮಾಡಿ, ನಗುತ್ತಾ. ಯಾರೂ ತಪ್ಪು ತಿಳಿಯುವುದಿಲ್ಲ. ನಮಸ್ಕಾರ ಮಾಡಿದರೂ ಸರಿ, ಖುಷಿಪಡುತ್ತಾರೆ. ಕಾಲಿಗೆ ಬೀಳಬೇಡಿ, ಗಾಬರಿಯಾಗುತ್ತಾರೆ.

ಅವರನ್ನು ಹೆಸರು ಹಿಡಿದೇ ಕರೆಯಬೇಕು. ಎಪ್ಪತ್ತು ವರ್ಷದವರಾದರೂ ಅಷ್ಟೇ. ಆಂಟಿ ಅನ್ನಲು ನಾಲಿಗೆ ತುಡಿಯುತ್ತದೆ, ನಿಜ. ಎರಡು ದಿನ ಕಷ್ಟ. "ನೀವು" ಅನ್ನುವುದಕ್ಕೆ ಸ್ಪ್ಯಾನಿಷಿನಲ್ಲೂ ಪದ ಇದೆ. ಮೊದಲು ಅದರಲ್ಲೇ ಶುರುಮಾಡಿ. ಏಕವಚನದಲ್ಲೇ ಮಾತಾಡು ಅಂತ ಅವರೇ ಹೇಳುತ್ತಾರೆ.

ಚಪ್ಪಲಿ ಎಲ್ಲಿ ಬಿಡಬೇಕು?

ಬಿಡಬೇಡಿ. ಇದು ನಮ್ಮವರಿಗೆ ನಿಜಕ್ಕೂ ಕಸಿವಿಸಿ. ಹೊರಗಿನ ಶೂನಲ್ಲೇ ಒಳಗೆ ಬರುವ ಮನೆಗಳಿವೆ, ಒಳಗೆ ಬಂದು ಮನೆಚಪ್ಪಲಿಗೆ ಬದಲಾಯಿಸುವ ಮನೆಗಳಿವೆ. ಬರಿಗಾಲಿನಲ್ಲಿ ಓಡಾಡುವ ಮನೆ ಮಾತ್ರ ಅಪರೂಪ. ಬರಿಗಾಲು ಕಂಡರೆ ಶೀತ ಆಗುತ್ತದೆ, ಕೊಳಕು ಅಂತ ಎರಡೂ ಬೈಗುಳ ಒಟ್ಟಿಗೆ ಬೀಳುತ್ತವೆ. ಮೆತ್ತನೆಯ ಒಂದು ಜೊತೆ ಮನೆಚಪ್ಪಲಿ ಬ್ಯಾಗಿನ ಮೇಲ್ಗಡೆಯೇ ಇಟ್ಟುಕೊಂಡು ಹೋಗಿ.

ಊಟದ ಹೊತ್ತು ಯಾವುದು? ರಾತ್ರಿ ಹತ್ತಕ್ಕೆ ಊಟ ಅನ್ನುವುದು ನಿಜವಾ?

ನಿಜ. ಬೆಳಿಗ್ಗೆ ತಿಂಡಿ ಅಂದರೆ ಕಾಫಿ, ಒಂದೆರಡು ಬಿಸ್ಕತ್ತು ಅಥವಾ ಸುಟ್ಟ ಬ್ರೆಡ್ಡು. ಅಷ್ಟೇ. ಇಡ್ಲಿ, ಉಪ್ಪಿಟ್ಟು ತಿಂದು ಹೊರಡುವ ಹೊಟ್ಟೆಗೆ ಇದು ಸಾಲದು. ಹನ್ನೊಂದಕ್ಕೆ ತರಗತಿಯ ನಡುವೆ ಎಲ್ಲರೂ ಏನಾದರೂ ತಿನ್ನುತ್ತಾರೆ, ನೀವೂ ತಿನ್ನಿ. ದೊಡ್ಡ ಊಟ ಮಧ್ಯಾಹ್ನ ಎರಡರಿಂದ ಮೂರೂವರೆಯೊಳಗೆ. ಸಂಜೆ ಆರರ ಹೊತ್ತಿಗೆ ಸಣ್ಣ ತಿಂಡಿ. ರಾತ್ರಿ ಊಟ ಒಂಬತ್ತು, ಒಂಬತ್ತೂವರೆ, ಬೇಸಿಗೆಯಲ್ಲಿ ಹತ್ತು. ಅದು ಹಗುರ: ಸಾರಿನಂಥದ್ದು, ಮೊಟ್ಟೆ, ಸಲಾಡು.

ಇದು ಸೋಮಾರಿತನ ಅಲ್ಲ, ಗಡಿಯಾರದ ಆಟ. ಭೂಪಟದಲ್ಲಿ ನೋಡಿದರೆ ಸಲಮಾಂಕಾ ಲಂಡನ್ನಿಗಿಂತ ಪಶ್ಚಿಮಕ್ಕಿದೆ. ಆದರೆ 1940ರಲ್ಲಿ ಸ್ಪೇನು ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡಿ ಬರ್ಲಿನ್ನಿನ ಹೊತ್ತಿಗೆ ಹೊಂದಿಸಿತು. ಆಮೇಲೆ ಹಿಂದಕ್ಕೆ ತಿರುಗಿಸಲೇ ಇಲ್ಲ. ಅದಕ್ಕೇ ಜೂನಿನಲ್ಲಿ ರಾತ್ರಿ ಹತ್ತರ ಹತ್ತಿರಕ್ಕೂ ಬೆಳಕು, ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟಕ್ಕೂ ಕತ್ತಲು. ಗಡಿಯಾರ ಮೂರು ತೋರಿಸಿದರೂ ಹೊಟ್ಟೆಗೆ ಅದು ಒಂದು, ಒಂದೂವರೆಯೇ. ಸೂರ್ಯನನ್ನು ನೋಡಿ ಲೆಕ್ಕ ಹಾಕಿದರೆ ಅವರು ನಮ್ಮ ಹೊತ್ತಿಗೇ ಉಣ್ಣುತ್ತಾರೆ.

ಊಟದ ಹೊತ್ತಿಗೆ ಬರಲಾಗದಿದ್ದರೆ ಬೆಳಿಗ್ಗೆಯೇ ಹೇಳಿ. ಕೋಪ ಬರುವುದು ಬರದೇ ಇದ್ದುದಕ್ಕಲ್ಲ, ಹೇಳದೇ ಇದ್ದುದಕ್ಕೆ.

ನಾನು ಸಸ್ಯಾಹಾರಿ. ಬದುಕಬಹುದಾ?

ಬದುಕಬಹುದು, ಆದರೆ "ಸಸ್ಯಾಹಾರಿ" ಅಂತ ಒಂದು ಮಾತು ಹೇಳಿ ಸುಮ್ನೆ ಇದ್ದರೆ ಆಗುವುದಿಲ್ಲ. ಸಲಮಾಂಕಾ ಜಿಲ್ಲೆ ಹಂದಿ ಮಾಂಸದ ನಾಡು. ಇಲ್ಲಿನ ಗಿಹುವೇಲೊ ಊರಿನ ಹಾಮೋನ್ ದೇಶಕ್ಕೇ ಹೆಸರುವಾಸಿ. ಹಾಮೋನ್ ಅಂದರೆ ಉಪ್ಪಿನಲ್ಲಿ ಒಣಗಿಸಿದ ಹಂದಿಯ ತೊಡೆ. ಇಂಥ ಕಡೆ ಎಷ್ಟೋ ಜನಕ್ಕೆ "ಮಾಂಸ" ಅಂದರೆ ತುಂಡು ಮಾಂಸ ಮಾತ್ರ. ಪಲ್ಯದಲ್ಲಿ ರುಚಿಗೆ ಉದುರಿಸಿದ ನಾಲ್ಕು ಚೂರು ಹಾಮೋನ್ ಅವರ ಲೆಕ್ಕದಲ್ಲಿ ಮಾಂಸವೇ ಅಲ್ಲ. ಟ್ಯೂನಾ ಮೀನೂ ಅಷ್ಟೇ.

ಆದ್ದರಿಂದ ಪಟ್ಟಿ ಹೇಳಬೇಕು. ಈ ಸಾಲು ಬಾಯಿಪಾಠ ಮಾಡಿ: "ನೋ ಕೋಮೊ ಕಾರ್ನೆ, ನಿ ಪೋಯೊ, ನಿ ಹಾಮೋನ್, ನಿ ಪೆಸ್ಕಾದೊ, ನಿ ಆತುನ್." ಮಾಂಸ, ಕೋಳಿ, ಹಾಮೋನ್, ಮೀನು, ಟ್ಯೂನಾ ಯಾವುದೂ ತಿನ್ನುವುದಿಲ್ಲ ಅಂತ. ಅದರ ಬೆನ್ನಿಗೇ "ನಿ ಕಾಲ್ದೊ ದೆ ಕಾರ್ನೆ" ಅಂತ ಸೇರಿಸಿ. ಕಾಲ್ದೊ ಅಂದರೆ ಮೂಳೆ ಬೇಯಿಸಿದ ನೀರು. ತರಕಾರಿ ಸೂಪು ನೋಡಲು ಹಸಿರಾಗಿದ್ದರೂ ತಳ ಅದರದ್ದಾಗಿರಬಹುದು. ಇದನ್ನು ಊರಲ್ಲಿರುವಾಗಲೇ ಶಾಲೆಯ ಫಾರ್ಮಿನಲ್ಲಿ ಬರೆಯಿರಿ. ಬಂದ ದಿನ ಅಡುಗೆಮನೆಯಲ್ಲಿ ನಿಂತು ಮತ್ತೊಮ್ಮೆ ಹೇಳಿ. ಮೊದಲ ಊಟದಲ್ಲೇ ಮುಜುಗರಪಟ್ಟು ಚೂರುಗಳನ್ನು ತಟ್ಟೆಯ ಅಂಚಿಗೆ ಸರಿಸಿ ಉಂಡರೆ, "ಹೀಗೆ ಮಾಡಿದರೂ ನಡೆಯುತ್ತದೆ" ಅಂತ ಅವರು ತಿಳಿದುಕೊಳ್ಳುತ್ತಾರೆ. ಆಮೇಲೆ ತಿದ್ದುವುದು ಕಷ್ಟ.

ಹುಷಾರಾಗಿರಬೇಕಾದವು: ಕ್ರೋಕೇತಾ ಅನ್ನುವ ಕರಿದ ಉಂಡೆ, ಒಳಗೆ ಸಾಮಾನ್ಯವಾಗಿ ಹಾಮೋನ್ ಇರುತ್ತದೆ. ಮಿಶ್ರ ಸಲಾಡು, ಮೇಲೆ ಟ್ಯೂನಾ. ಹೋಟೆಲಿನ "ಸಾಂದ್ವಿಚ್ ವೆಹೆತಾಲ್", ಹೆಸರು ತರಕಾರಿಯದ್ದು, ಒಳಗೆ ಟ್ಯೂನಾ ಇಲ್ಲವೇ ಮೊಟ್ಟೆ. ಈ ಊರಿನ ಹೆಮ್ಮೆಯ ಪತಾತಾಸ್ ಮೆನೆಯಾಸ್ ಕೂಡ. ಅದು ಕೆಂಪು ಪುಡಿ ಹಾಕಿ ಹಿಸುಕಿದ ಆಲೂಗಡ್ಡೆ. ನೋಡಿದರೆ ನಮ್ಮ ಪಲ್ಯವೇ ಅನಿಸುತ್ತದೆ, ಮೇಲೆ ಹುರಿದ ಹಂದಿಕೊಬ್ಬು ಇರುತ್ತದೆ.

ಇನ್ನು ಧೈರ್ಯವಾಗಿ ಕೇಳಬಹುದಾದವು. ಊರಿನ ಉತ್ತರಕ್ಕೆ ಆರ್ಮುನ್ಯಾ ಅನ್ನುವ ಸೀಮೆ ಇದೆ. ಅಲ್ಲಿನ ಬೇಳೆ, ಅವರ ಲೆಂತೆಹಾಸ್, ಸ್ಪೇನಿನಲ್ಲೆಲ್ಲ ಹೆಸರಾದದ್ದು. ಮಾಮೂಲಾಗಿ ಅದಕ್ಕೆ ಚೊರೀಸೊ ಅನ್ನುವ ಹಂದಿ ಸಾಸೇಜು ಹಾಕಿ ಬೇಯಿಸುತ್ತಾರೆ. ಅದನ್ನು ಬಿಟ್ಟು ಈರುಳ್ಳಿ, ಬೆಳ್ಳುಳ್ಳಿ, ಕ್ಯಾರೆಟ್ಟು, ಬಿರಿಯಾನಿ ಎಲೆ ಹಾಕಿ ಬೇಯಿಸಿಕೊಡಿ ಅಂದರೆ ಒಂದು ತಟ್ಟೆ ಸಾಕು, ಹೊಟ್ಟೆ ತುಂಬುತ್ತದೆ. ಪಾಲಕ್ ಹಾಕಿದ ಕಡಲೆಕಾಳು, ತರಕಾರಿ ಬೇಯಿಸಿದ ಪಿಸ್ತೊ, ಬೇಸಿಗೆಯಲ್ಲಿ ಗಾಸ್ಪಾಚೊ ಅನ್ನುವ ತಣ್ಣನೆಯ ಟೊಮೇಟೊ ಸೂಪು, ಟೊಮೇಟೊ ಸವರಿದ ಬ್ರೆಡ್ಡು, ಇವೆಲ್ಲ ನಿಮ್ಮವೇ. ಮೊಟ್ಟೆ ತಿನ್ನುವವರಾದರೆ ತೋರ್ತಿಯಾ ಅನ್ನುವ ಆಲೂಗಡ್ಡೆ ಆಮ್ಲೆಟ್ ಒಂದೇ ಸಾಕು ದಿನ ದೂಡಲು. ಅಕ್ಕಿ ಪಾಯಸ ಇಲ್ಲೂ ಇದೆ, ಏಲಕ್ಕಿ ಬದಲು ದಾಲ್ಚಿನ್ನಿ ಮತ್ತು ನಿಂಬೆಸಿಪ್ಪೆ. ತಣ್ಣಗೆ ಕೊಡುತ್ತಾರೆ.

ಮೊಟ್ಟೆಯೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ ಅನ್ನುವವರಿಗೆ?

ಅಂಥವರಿಗೆ ಮನೆಯವರ ಜೊತೆ ಇರುವ ವ್ಯವಸ್ಥೆ ಬೇಡ ಅಂತಲೇ ನನ್ನ ಅಭಿಪ್ರಾಯ. ಎರಡು ಕಡೆಯವರಿಗೂ ಹಿಂಸೆ. ಅಡುಗೆಮನೆ ಇರುವ ಹಂಚಿಕೆ ಫ್ಲಾಟು ನೋಡಿಕೊಳ್ಳಿ.

ಖಾರ?

ಇಲ್ಲ. ಕೆಂಪಗೆ ಕಾಣುವುದು ಪಿಮೆಂತೋನ್ ಪುಡಿ. ಅದು ಬಣ್ಣಕ್ಕೆ, ಹೊಗೆಯ ವಾಸನೆಗೆ. ಚಟ್ನಿಪುಡಿ ಒಯ್ಯಿರಿ. ಅವರು ಮಾಡಿದ್ದರ ಮೇಲೆ ರುಚಿ ನೋಡುವ ಮೊದಲೇ ಉದುರಿಸಬೇಡಿ ಅಷ್ಟೇ.

ಊಟ ಮುಗಿದ ಮೇಲೆ ಎದ್ದು ರೂಮಿಗೆ ಹೋಗಬಹುದಾ?

ಹೋಗಬಹುದು, ಆದರೆ ಹೋಗಬೇಡಿ. ತಟ್ಟೆ ಖಾಲಿಯಾದ ಮೇಲೆ ಅರ್ಧ ಗಂಟೆ, ಭಾನುವಾರವಾದರೆ ಇನ್ನೂ ಹೆಚ್ಚು ಹೊತ್ತು, ಮೇಜಿನ ಸುತ್ತ ಹಾಗೇ ಕೂತು ಮಾತಾಡುತ್ತಾರೆ. ಸೋಬ್ರೆಮೇಸಾ ಅಂತ ಅದಕ್ಕೆ ಹೆಸರೇ ಇದೆ. ನೀವು ದುಡ್ಡು ಕೊಟ್ಟು ಬಂದದ್ದು ನಿಜವಾಗಿ ಈ ಅರ್ಧ ಗಂಟೆಗೆ. ತರಗತಿಯಲ್ಲಿ ಮೇಷ್ಟ್ರು ನಿಧಾನವಾಗಿ ಮಾತಾಡುತ್ತಾರೆ, ಇಲ್ಲಿ ಯಾರೂ ನಿಧಾನ ಮಾಡುವುದಿಲ್ಲ.

ಒಂದು ಮಧ್ಯಾಹ್ನ ಹೇಗಿರುತ್ತದೆ ಅಂತ ಹೇಳುತ್ತೇನೆ. ಮೂರು ಗಂಟೆಗೆ ಟೀವಿಯಲ್ಲಿ ವಾರ್ತೆ ಶುರು. ಬ್ರೆಡ್ಡನ್ನು ತಟ್ಟೆಯಲ್ಲಿ ಇಡುವುದಿಲ್ಲ, ಪಕ್ಕದಲ್ಲಿ ಮೇಜುಬಟ್ಟೆಯ ಮೇಲೇ ಇಡುತ್ತಾರೆ. ಮೊದಲು ಬೇಳೆ ಬಂತು, ಅದರ ತಟ್ಟೆ ಎತ್ತಿ ಎರಡನೆಯದು ಬಂತು, ಆಮೇಲೆ ಒಂದು ಕಿತ್ತಳೆ. ಕಿತ್ತಳೆಯನ್ನು ಚಾಕುವಿನಲ್ಲಿ ಸುರುಳಿಯಾಗಿ ಸುಲಿಯುತ್ತಾ ಮನೆಯಾಕೆ ವಾರ್ತೆಯ ಮಂತ್ರಿಗೆ ಬೈಯುತ್ತಾರೆ. ಅವರ ತಂಗಿ ಅದೇ ಹೊತ್ತಿಗೆ ಇನ್ನೇನೋ ಹೇಳುತ್ತಾರೆ. ಇಬ್ಬರ ದನಿಯೂ ಏರುತ್ತದೆ. ಜಗಳ ಅಂತ ನೀವು ತಟ್ಟೆ ನೋಡುತ್ತಾ ಕೂರುತ್ತೀರಿ. ಜಗಳ ಅಲ್ಲ, ಮಾತೇ ಹಾಗೆ. ಒಬ್ಬರು ಮುಗಿಸಲಿ ಅಂತ ಕಾದರೆ ನಿಮ್ಮ ಸರದಿ ಬರುವುದೇ ಇಲ್ಲ. ನಡುವೆ ನುಗ್ಗಿ. ನಮ್ಮ ಮನೆಗಳಲ್ಲೂ ಹೀಗೇ ಅಲ್ವಾ?

"ಬೇಡ" ಅನ್ನುವಾಗ ಮಾತ್ರ ಜೋಪಾನ. ಅವರೂ "ತಿನ್ನು, ತಿನ್ನು" ಅಂತ ಬಲವಂತ ಮಾಡುವವರೇ. ಆದರೂ ಮೂರು ಸಲ ಬೇಡ ಅಂದು ನಾಲ್ಕನೇ ಸಲ ಹಾಕಿಸಿಕೊಳ್ಳೋಣ ಅಂತ ಕೂತರೆ ನಾಲ್ಕನೇ ಸಲ ಬರದೇ ಹೋಗಬಹುದು. ಬೇಕಾದರೆ ಬೇಕು ಅನ್ನಿ.

ವೈನ್ ಕೊಟ್ಟರೆ?

ಬೇಡ ಅಂದರೆ ಬೇಡ, ಯಾರೂ ಕಾರಣ ಕೇಳುವುದಿಲ್ಲ. ನಲ್ಲಿ ನೀರು ಕುಡಿಯಲು ಯೋಗ್ಯ, ಬಾಟಲಿ ಕೊಳ್ಳಬೇಕಿಲ್ಲ.

ಬಚ್ಚಲಿನ ವಿಷಯ ಹೇಳಿ. ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ.

ನಾಚಿಕೆ ಬೇಡ, ಎಲ್ಲರೂ ಕೇಳುತ್ತಾರೆ. ಬಚ್ಚಲಿನ ನೆಲಕ್ಕೆ ನೀರು ಹೋಗುವ ಕಿಂಡಿ ಸಾಮಾನ್ಯವಾಗಿ ಇರುವುದಿಲ್ಲ. ಬಕೆಟ್ಟು, ಚೊಂಬು ಇಲ್ಲ. ತೊಟ್ಟಿಯೊಳಗೆ ನಿಂತು, ಪರದೆಯ ಅಂಚನ್ನು ತೊಟ್ಟಿಯ ಒಳಗೆ ಬಿಟ್ಟು ಷವರ್ ಹಾಕಿಕೊಳ್ಳಬೇಕು. ಪರದೆ ಹೊರಗಿದ್ದರೆ ನೀರು ನೆಲಕ್ಕೆ, ಅಲ್ಲಿಂದ ಕೆಳಗಿನ ಮನೆಯ ಸೂರಿಗೆ. ಆಮೇಲಿನ ಮಾತುಕತೆಗೆ ನಿಮ್ಮ ಸ್ಪ್ಯಾನಿಷ್ ಸಾಲುವುದಿಲ್ಲ.

ಕಮೋಡಿನ ಪಕ್ಕ ನೀರಿನ ಪೈಪು ಇಲ್ಲ. ಆದರೆ ತುಂಬಾ ಮನೆಗಳಲ್ಲಿ ಬಿದೆ ಇರುತ್ತದೆ. ಕಮೋಡಿನ ಪಕ್ಕದಲ್ಲೇ ನಲ್ಲಿ ಇರುವ ಗಿಡ್ಡ ತೊಟ್ಟಿ. ಅದು ಅದಕ್ಕೇ ಇರುವುದು. ಇಲ್ಲದಿದ್ದರೆ ಚಿಕ್ಕ ಬಾಟಲಿ ಇಟ್ಟುಕೊಳ್ಳಿ.

ಸ್ನಾನ ದಿನಕ್ಕೆ ಒಂದು ಸಲ, ಐದಾರು ನಿಮಿಷ. ಬಿಸಿನೀರಿನ ಟ್ಯಾಂಕು ಚಿಕ್ಕದಿದ್ದರೆ ನಿಮ್ಮ ನಂತರದವರಿಗೆ ತಣ್ಣೀರೇ. ಕೆಲವು ಹಳೇ ಮನೆಗಳಲ್ಲಿ ಕಿತ್ತಳೆ ಬಣ್ಣದ ಗ್ಯಾಸ್ ಸಿಲಿಂಡರಿನಿಂದ ನೀರು ಕಾಯುತ್ತದೆ. ನೊರೆ ಮೈಮೇಲಿರುವಾಗಲೇ ಅದು ಮುಗಿಯುವುದೂ ಉಂಟು. ತಲೆಗೆ ಎಣ್ಣೆ ಹಚ್ಚಿ ಮಲಗುವವರು ದಿಂಬಿಗೆ ಹಳೇ ಟವೆಲ್ ಹಾಸಿಕೊಳ್ಳಿ.

ಬಟ್ಟೆ ನಾನೇ ಒಗೆಯಬೇಕಾ?

ಸಾಮಾನ್ಯವಾಗಿ ವಾರಕ್ಕೊಮ್ಮೆ ಅವರೇ ಮೆಷಿನ್ನಿಗೆ ಹಾಕುತ್ತಾರೆ. ಯಾವ ದಿನ ಅಂತ ಕೇಳಿಕೊಳ್ಳಿ. ಬಹಳಷ್ಟು ಮನೆಗಳಲ್ಲಿ ಶನಿವಾರ, ಭಾನುವಾರ ಇಲ್ಲವೇ ತಡರಾತ್ರಿ. ಕಾರಣ ಕರೆಂಟು ಬಿಲ್ಲು. 2021ರ ಜೂನಿನಿಂದ ಸ್ಪೇನಿನಲ್ಲಿ ಮನೆಬಳಕೆಯ ಕರೆಂಟಿಗೆ ಹೊತ್ತಿಗೊಂದು ದರ ಬಂದಿದೆ. ವಾರದ ದಿನಗಳಲ್ಲಿ ಬೆಳಿಗ್ಗೆ 10ರಿಂದ 2, ಸಂಜೆ 6ರಿಂದ 10 ದುಬಾರಿ. ರಾತ್ರಿ 12ರಿಂದ ಬೆಳಿಗ್ಗೆ 8, ಮತ್ತು ಶನಿವಾರ, ಭಾನುವಾರ ಪೂರ್ತಿ ಅಗ್ಗ. ನೀವು ರೂಮಿನಿಂದ ಹೊರಗೆ ಬಂದ ಮರುಕ್ಷಣ ಮನೆಯಾಕೆ ಹೋಗಿ ಲೈಟ್ ಆರಿಸಿದರೆ ನಿಮ್ಮ ಮೇಲಿನ ಸಿಟ್ಟಲ್ಲ. ಅವರ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತದೆ.

ಒಳಉಡುಪನ್ನು ಅವರಿಗೆ ಕೊಡಲು ಮನಸ್ಸಾಗದಿದ್ದರೆ ಕೈಯಲ್ಲಿ ಒಗೆದುಕೊಳ್ಳಿ. ಒಣಗಿಸಲು ಮಾತ್ರ ಬೀದಿ ಕಡೆಯ ಕಿಟಕಿಗೆ ಹಾಕಬೇಡಿ. ಕಟ್ಟಡದ ಒಳಗಿನ ಬಾವಿಯಂಥ ಅಂಗಳದ ಕಡೆ ಹಗ್ಗ ಇರುತ್ತದೆ. ಕ್ಲಿಪ್ ಜಾರಿದರೆ ಕಾಲುಚೀಲ ಕೆಳಗಿನ ಮನೆಯವರ ಪಾಲು.

ಚಳಿ ಎಷ್ಟು?

ಸಲಮಾಂಕಾ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ಬಯಲು ನಾಡು. ಚಳಿಗಾಲದ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಒಂಬತ್ತು ತಿಂಗಳು ಚಳಿ, ಮೂರು ತಿಂಗಳು ನರಕ ಅಂತ ಆ ಸೀಮೆಯವರೇ ಗಾದೆ ಕಟ್ಟಿದ್ದಾರೆ. ಸೆಪ್ಟೆಂಬರಿನಲ್ಲಿ ಇಳಿದವರು ಮಧ್ಯಾಹ್ನದ ಬಿಸಿಲು ನೋಡಿ ಮೋಸಹೋಗುತ್ತಾರೆ. ಸಂಜೆಗೆ ಸ್ವೆಟರ್ ಬೇಕೇ ಬೇಕು. ಗಾಳಿ ಒಣ, ತುಟಿ ಒಡೆಯುತ್ತದೆ.

ಮನೆಯೊಳಗೆ ಹೀಟರು ದಿನವಿಡೀ ಉರಿಯುವುದಿಲ್ಲ. ಹಳೇ ಕಾಲದವರ ಮನೆಯಲ್ಲಿ ನೆಲದವರೆಗೆ ದಪ್ಪ ಬಟ್ಟೆ ಇಳಿಬಿಟ್ಟ ದುಂಡು ಮೇಜು ಇರುತ್ತದೆ, ಕೆಳಗೆ ಚಿಕ್ಕ ಹೀಟರು. ಬಟ್ಟೆಯನ್ನು ಮಡಿಲ ಮೇಲೆ ಎಳೆದುಕೊಂಡು ಎಲ್ಲರೂ ಅದರ ಸುತ್ತ ಕೂರುತ್ತಾರೆ. ಕಾಲು ಬೆಚ್ಚಗೆ, ಬೆನ್ನು ತಣ್ಣಗೆ. ರೂಮಿನಲ್ಲಿ ನಡುಗುತ್ತಾ ಹೋಂವರ್ಕ್ ಮಾಡುವ ಬದಲು ಅಲ್ಲಿಗೇ ಪುಸ್ತಕ ತನ್ನಿ. ರಾತ್ರಿ ಇನ್ನೊಂದು ಹೊದಿಕೆ ಬೇಕಾದರೆ ಕೇಳಿ. ಬೀರುವಿನ ಮೇಲಟ್ಟದಲ್ಲಿ ಇದ್ದೇ ಇರುತ್ತದೆ. ಕೇಳದೆ ಜಾಕೆಟ್ ಹಾಕಿಕೊಂಡು ಮಲಗುವವರು ನಮ್ಮವರೇ!

ಅವರ ಅಡುಗೆಮನೆಯಲ್ಲಿ ನಾನು ಅಡುಗೆ ಮಾಡಬಹುದಾ?

ಮನೆಯಿಂದ ಮನೆಗೆ ಬೇರೆ. ಕಾಫಿ ಮಾಡಿಕೊಳ್ಳುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಒಗ್ಗರಣೆ ಹಾಕುವ ಮೊದಲು ಕೇಳಿ. ಸಾಸಿವೆ ಸಿಡಿಯುವುದು, ಇಂಗಿನ ವಾಸನೆ, ಒಣಮೆಣಸಿನ ಘಾಟು ಮೂರೂ ಅವರಿಗೆ ಹೊಸದು. ಮುಚ್ಚಿದ ಫ್ಲಾಟಿನಲ್ಲಿ ಸಂಜೆವರೆಗೂ ನಿಲ್ಲುತ್ತದೆ. ಕಿಟಕಿ ತೆಗೆದು, ಒಲೆಯ ಮೇಲಿನ ಫ್ಯಾನು ಹಾಕಿ ಶುರುಮಾಡಿ. ಒಲೆ ಇಂಡಕ್ಷನ್ ಆಗಿದ್ದರೆ ನೀವು ಒಯ್ದ ಅಲ್ಯುಮಿನಿಯಂ ಕುಕ್ಕರು ಕೆಲಸ ಮಾಡುವುದಿಲ್ಲ.

ಎರಡನೇ ಭಾನುವಾರದ ಹೊತ್ತಿಗೆ "ನಾನೊಂದು ದಿನ ನಮ್ಮ ಊರಿನ ಅಡುಗೆ ಮಾಡಲಾ?" ಅಂತ ಕೇಳಿ ನೋಡಿ. ಚಿತ್ರಾನ್ನ ಒಳ್ಳೆಯ ಆಯ್ಕೆ. ಅಕ್ಕಿ, ನಿಂಬೆ, ಕಡಲೆಕಾಯಿ ಅಲ್ಲೇ ಸಿಗುತ್ತವೆ, ಮೆಣಸಿನಕಾಯಿ ಕಡಿಮೆ ಹಾಕಬಹುದು. ಬೇಳೆ, ಸಾಂಬಾರಪುಡಿ ಮುಗಿದರೆ ಮ್ಯಾಡ್ರಿಡ್ಡಿನ ಲವಾಪಿಯೆಸ್ ಬಡಾವಣೆಯಲ್ಲಿ ನಮ್ಮ ಕಡೆಯ ದಿನಸಿ ಅಂಗಡಿಗಳಿವೆ.

ಉಡುಗೊರೆ ಏನು ಒಯ್ಯಲಿ? ತುಪ್ಪ, ಪೇಡ?

ಎರಡೂ ಬೇಡ. ಹೊರದೇಶದಿಂದ ಬರುವ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥ ತರಬಾರದು ಅಂತ ಯುರೋಪಿಯನ್ ಒಕ್ಕೂಟದ ನಿಯಮವಿದೆ. ಕಸ್ಟಮ್ಸಿನವರು ಕಂಡರೆ ಎತ್ತಿ ಕಸಕ್ಕೆ ಹಾಕುತ್ತಾರೆ. ಹಸಿ ಹಣ್ಣು, ತರಕಾರಿ, ಸೊಪ್ಪಿಗೂ ಪ್ರಮಾಣಪತ್ರ ಬೇಕು. ಆದ್ದರಿಂದ ಕರಿಬೇವು ಇಲ್ಲ, ವೀಳ್ಯದೆಲೆ ಇಲ್ಲ. ಐದಕ್ಕೆ ಮಾತ್ರ ವಿನಾಯಿತಿ: ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ, ಡುರಿಯನ್. ತೆಂಗಿನಕಾಯಿ ಒಯ್ಯಬಹುದು ಅಂತ ಸಂತೋಷಪಡುವವರು ಅದರ ತೂಕವನ್ನೂ ನೆನಪಿಡಿ.

ಮೈಸೂರು ಸ್ಯಾಂಡಲ್ ಸೋಪು, ಚನ್ನಪಟ್ಟಣದ ಗೊಂಬೆ, ಕೊಡಗಿನ ಕಾಫಿಪುಡಿ ಇವು ಸಲೀಸು. ಕಾಫಿಪುಡಿ ಚಿಕೋರಿ ಇಲ್ಲದ್ದು ತಗೊಳ್ಳಿ. ಅವರ ಒಲೆಯ ಮೇಲಿನ ಪುಟ್ಟ ಕಾಫಿ ಪಾತ್ರೆಗೆ ಅದು ಚೆನ್ನಾಗಿ ಹೊಂದುತ್ತದೆ. ಪೊಟ್ಟಣ ಕೊಟ್ಟರೆ ನಿಮ್ಮ ಎದುರಿಗೇ ಬಿಚ್ಚುತ್ತಾರೆ, ಅದೇ ಅಲ್ಲಿನ ಮರ್ಯಾದೆ.

ಮಗಳು ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರಬೇಕು ಅಂತ ಅವರು ನೋಡಿಕೊಳ್ಳುತ್ತಾರಾ?

ಹದಿನೆಂಟು ದಾಟಿದವರಿಗೆ ಬೀಗದ ಕೈ ಕೊಟ್ಟುಬಿಡುತ್ತಾರೆ. ಅಲ್ಲಿನ ಹುಡುಗರು ಶುಕ್ರವಾರ ಹೊರಡುವುದೇ ರಾತ್ರಿ ಹನ್ನೊಂದಕ್ಕೆ. ಪ್ಲಾಸಾ ಮಯೋರ್ ಚೌಕದಲ್ಲಿ ನಡುರಾತ್ರಿಯಲ್ಲೂ ಅಜ್ಜಿಯರು, ಮಕ್ಕಳು ಇರುತ್ತಾರೆ. ತಡವಾಗುವುದಾದರೆ ಒಂದು ಮೆಸೇಜು, ಒಳಗೆ ಬರುವಾಗ ಸದ್ದಿಲ್ಲದೆ. ಗೆಳೆಯರನ್ನು ಕರೆತರುವ ಮೊದಲು ಕೇಳಬೇಕು. ರಾತ್ರಿ ಉಳಿಸಿಕೊಳ್ಳುವುದು ಬೇಡ.

ಅಮ್ಮಂದಿರಿಗೆ ಇನ್ನೊಂದು ಮಾತು. ಬೇಸಿಗೆಯಲ್ಲಿ ಅವರಿಗಿಂತ ನಾವು ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅವರು ರಾತ್ರಿ ಒಂಬತ್ತೂವರೆಗೆ ಊಟಕ್ಕೆ ಕೂತಾಗ ಇಲ್ಲಿ ಒಂದು, ಎರಡು ಗಂಟೆ. ಮಗಳ ಊಟ ಆಯಿತೋ ಇಲ್ಲವೋ ಅಂತ ಎದ್ದು ಕೂರಬೇಡಿ. ಅವರ ಮಧ್ಯಾಹ್ನದ ಊಟ ಮುಗಿಯುವಾಗ ನಮಗೆ ಸಂಜೆ ಏಳೂವರೆ, ಎಂಟೂವರೆ. ಫೋನ್ ಮಾಡಲು ಅದೇ ಸರಿಯಾದ ಹೊತ್ತು. ಆದರೆ ದಿನಾ ಬೇಡ. ಮೇಜಿನ ಮಾತು ತಪ್ಪಿಹೋಗುತ್ತದೆ.

ನನಗೆ ಸ್ಪ್ಯಾನಿಷ್ ಇನ್ನೂ ಬರುವುದಿಲ್ಲ. ಮೊದಲ ದಿನ ಹೇಗೆ?

ಕೈಸನ್ನೆ, ಫೋನಿನ ಅನುವಾದ, ನಗು. ಉಚ್ಚಾರಣೆಗೆ ಹೆದರಬೇಡಿ. ಅವರ ರ, ತ, ದ ನಮಗೆ ಸಲೀಸು, ಇಂಗ್ಲಿಷಿನವರು ಒದ್ದಾಡುವುದು ಅಲ್ಲೇ. ಮೂರನೇ ನಾಲ್ಕನೇ ದಿನ ತಲೆ ಭಾರವಾಗಿ, ಯಾರ ಮಾತೂ ಬೇಡ ಅನಿಸುತ್ತದೆ. ಊಟ ಮುಗಿಸಿ ಮಲಗಿ. ಮಧ್ಯಾಹ್ನ ಎರಡರಿಂದ ಐದರವರೆಗೆ ಎಷ್ಟೋ ಅಂಗಡಿಗಳೂ ಮುಚ್ಚಿರುತ್ತವೆ.

ಕಾಗದಪತ್ರದ ಕೆಲಸ ಏನಿದೆ?

ಆರು ತಿಂಗಳೊಳಗಿನ ವೀಸಾ ಆದರೆ ಹೆಚ್ಚೇನಿಲ್ಲ. ಅದಕ್ಕಿಂತ ಜಾಸ್ತಿಯದ್ದಾದರೆ ಸ್ಪೇನಿಗೆ ಕಾಲಿಟ್ಟ ಒಂದು ತಿಂಗಳೊಳಗೆ ಟಿಐಇ ಅನ್ನುವ ವಿದೇಶಿಯರ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು. ಅಪಾಯಿಂಟ್‌ಮೆಂಟ್ ಆನ್‌ಲೈನಿನಲ್ಲಿ, ಸಿಗುವುದು ತಡ. ಮೊದಲ ವಾರದಲ್ಲೇ ಕೂತು ಹುಡುಕಿ. ನೀವು ಇಂಥ ಮನೆಯಲ್ಲಿದ್ದೀರಿ ಅಂತ ನಗರಸಭೆಯಲ್ಲಿ ದಾಖಲಿಸುವ ಎಂಪಾದ್ರೋನಾಮಿಯೆಂತೊ ಕೂಡ ಬೇಕಾಗುತ್ತದೆ. ಅದಕ್ಕೆ ಮನೆಯವರ ಸಹಿ ಬೇಕು. ಕೆಲವರು ಹಿಂದೇಟು ಹಾಕುತ್ತಾರೆ. ಮನೆ ಒಪ್ಪಿಕೊಳ್ಳುವ ಮೊದಲೇ ಶಾಲೆಯ ಮೂಲಕ ಕೇಳಿಸಿ.

ಅಲ್ಲಿನವರಿಗೆ ಎರಡು ಮನೆತನದ ಹೆಸರು, ಅಪ್ಪನದೊಂದು, ಅಮ್ಮನದೊಂದು. ಫಾರ್ಮಿನಲ್ಲಿ ಎರಡು ಖಾನೆ ಇರುತ್ತದೆ. ನಮ್ಮಲ್ಲಿ ಇನಿಷಿಯಲ್ ಬಿಟ್ಟರೆ ಏನೂ ಇಲ್ಲದವರು ಎಷ್ಟೋ ಜನ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ, ಎಲ್ಲ ಕಡೆ ಒಂದೇ ಥರ ಬರೆಯಿರಿ. ಎರಡನೇ ಖಾನೆ ಖಾಲಿ ಬಿಡಿ. ಕೆಳಗಿನ ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿನ ಚೀಟಿ ಅಂಟಿಸಲು ಮನೆಯವರಿಗೆ ಹೇಳಿ. ಹೆಸರಿಲ್ಲದಿದ್ದರೆ ಬ್ಯಾಂಕಿನ ಕಾಗದ ವಾಪಸ್ ಹೋಗಬಹುದು.

ಹುಷಾರು ತಪ್ಪಿದರೆ?

ಹಸಿರು ಶಿಲುಬೆಯ ದೀಪ ಇರುವುದು ಔಷಧಿ ಅಂಗಡಿ. ಪ್ಯಾರಾಸಿಟಮಾಲ್ 650 ಚೀಟಿ ಇಲ್ಲದೆ ಸಿಗುತ್ತದೆ, ಅಂದರೆ ನಮ್ಮ ಡೋಲೋ ಅಭಿಮಾನಿಗಳಿಗೆ ತೊಂದರೆ ಇಲ್ಲ. ಒಂದು ಗ್ರಾಮಿನದ್ದಕ್ಕೆ, ಆ್ಯಂಟಿಬಯಾಟಿಕ್ಕಿಗೆ ಡಾಕ್ಟರ ಚೀಟಿ ಬೇಕು. ತುರ್ತಿಗೆ 112.

ವಿಶ್ವವಿದ್ಯಾಲಯದ ಗೋಡೆಯಲ್ಲಿ ಕಪ್ಪೆ ಹುಡುಕದಿದ್ದರೆ ಫೇಲಂತೆ?

ಹಾಗೊಂದು ನಂಬಿಕೆ. ಹಳೇ ಕಟ್ಟಡದ ಮುಂಭಾಗದಲ್ಲಿ ಹದಿನಾರನೇ ಶತಮಾನದ ದಟ್ಟ ಕೆತ್ತನೆ ಇದೆ. ಅದರಲ್ಲಿ ಒಂದು ತಲೆಬುರುಡೆಯ ಮೇಲೆ ಪುಟ್ಟ ಕಪ್ಪೆ ಕೂತಿದೆ. ಯಾರೂ ತೋರಿಸದೆ ನೀವೇ ಕಂಡರೆ ಪರೀಕ್ಷೆ ಪಾಸು. ಮನೆಯವರು ಮೊದಲ ವಾರ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಸುಳಿವು ಬಲಗಡೆ ಅಂತಷ್ಟೇ ಕೊಡುತ್ತೇನೆ. ಹತ್ತಿರದ ಹೊಸ ಕೆಥೆಡ್ರಲ್ಲಿನ ಬಾಗಿಲಲ್ಲಿ ಗಗನಯಾತ್ರಿಯೂ ಇದ್ದಾನೆ. ಅದು ಪುರಾತನ ರಹಸ್ಯ ಏನಲ್ಲ. 1992ರಲ್ಲಿ ದುರಸ್ತಿ ಮಾಡಿದಾಗ ಕಲ್ಲುಕುಟಿಗರು ತಮ್ಮ ಕಾಲದ ಗುರುತಿಗೆ ಸೇರಿಸಿದ್ದು.

ಮನೆ ಹೊಂದದಿದ್ದರೆ ಬದಲಾಯಿಸಬಹುದಾ?

ಬದಲಾಯಿಸಬಹುದು. ಶಾಲೆಯಲ್ಲಿ ವಸತಿ ನೋಡಿಕೊಳ್ಳುವವರು ಇರುತ್ತಾರೆ, ಅವರ ಹತ್ತಿರ ಹೋಗಿ. ಎರಡು ಥರದ ದೂರು ಬರುತ್ತದೆ. ಊಟ ಸಾಲದು, ರೂಮು ತಣ್ಣಗಿದೆ, ವೈಫೈ ಸಿಗುತ್ತಿಲ್ಲ, ಇಂಥವನ್ನು ಮೊದಲು ಮನೆಯಾಕೆಗೇ ಹೇಳಿ. ಬಹಳಷ್ಟು ಅಲ್ಲೇ ಮುಗಿಯುತ್ತದೆ, ಯಾಕೆಂದರೆ ಅಲ್ಲಿಯವರೆಗೆ ಅವರಿಗೆ ಯಾರೂ ಹೇಳಿಯೇ ಇರುವುದಿಲ್ಲ. ಇನ್ನೊಂದು ಥರದ್ದು ಬೇರೆ. ರೂಮಿಗೆ ಬಾಗಿಲು ತಟ್ಟದೆ ಬರುವುದು, ಮೈಬಣ್ಣದ ಬಗ್ಗೆ ಕೊಂಕು, ಮನೆಯಲ್ಲಿ ಇರಲು ಭಯವಾಗುವಂಥ ಯಾರೋ ಒಬ್ಬರು. ಇದಕ್ಕೆ ಮನೆಯಲ್ಲಿ ಮಾತುಕತೆ ಬೇಡ, ಹೊಂದಿಕೊಳ್ಳೋಣ ಅನ್ನುವುದೂ ಬೇಡ. ಅದೇ ದಿನ ಶಾಲೆಗೆ ಹೋಗಿ ಹೇಳಿ, ಬರೆದೂ ಕೊಡಿ, ಮನೆ ಬದಲಿಸಿ ಅಂತ ಕೇಳಿ. ಬೇರೆ ಮನೆ ಸಿಗುವವರೆಗೆ ಎಲ್ಲಿ ಉಳಿಯಬೇಕು ಅಂತಲೂ ಅವರನ್ನೇ ಕೇಳಿ, ಮತ್ತು ಊರಿಗೆ ಫೋನ್ ಮಾಡಿ ತಿಳಿಸಿ. ಇಲ್ಲಿ ಎಷ್ಟು ಗಂಟೆಯಾಗಿದ್ದರೂ ಪರವಾಗಿಲ್ಲ.